ಗೋಡೆಯ ಮೇಲಿನ ನಾಲ್ಕನೆಯವಳು

ಬಹಳ ಹಿಂದೆ, ಮರಗಳನ್ನು ಮಾತಾಡಿಸಿದರೆ ಅವು ಉತ್ತರ ಕೊಡುತ್ತಿದ್ದ ಕಾಲದಲ್ಲಿ, ಸುರಗಿಪುರವೆಂಬ ರಾಜ್ಯವಿತ್ತು. ಆ ರಾಜ್ಯದ ಕುಂಬಾರಗೇರಿಯಲ್ಲಿ ಹೊನ್ನಾಜಿ ಎಂಬ ಹೆಂಗಸಿದ್ದಳು. ಗಂಡ ಬೊಮ್ಮಣ್ಣ ಮಡಕೆ ಮಾಡುತ್ತಿದ್ದ. ಅತ್ತೆ ಸಣ್ಣವ್ವ ಮಣ್ಣು ಹದ ಮಾಡುತ್ತಿದ್ದಳು. ಹೊನ್ನಾಜಿ ಮಡಕೆ ಸುಡುವ ಆವಿಗೆಯ ಕೆಲಸ ಮುಗಿಸಿ ಕೈ ತೊಳೆದಳೆಂದರೆ ಚಿತ್ರ ಬರೆಯಲು ಕೂರುತ್ತಿದ್ದಳು. ಅದು ಅವಳ ಹೊಟ್ಟೆಪಾಡಲ್ಲ, ಹುಚ್ಚು. ಬರೆ ಅಂದವರು ಯಾರೂ ಇಲ್ಲ, ಭೇಷ್ ಅಂದವರಂತೂ ಇಲ್ಲವೇ ಇಲ್ಲ. ಆದರೂ ಬರೆಯುವಳು.

ಚೈತ್ರ ಬಂತೆಂದರೆ ಈ ಹುಚ್ಚು ಇನ್ನೂ ಏರುತ್ತಿತ್ತು. ಬೆಳಿಗ್ಗೆ ಎದ್ದು ಮರಗಳ ಕೆಳಗೆ ಅಡ್ಡಾಡಿ ಹೂವು, ಗರಿ, ಬೀಜ, ಹಾವಿನ ಪೊರೆ, ಒಡೆದ ಬಳೆಯ ಚೂರು, ಏನು ಸಿಕ್ಕರೂ ಮಡಿಲಿಗೆ ಹಾಕಿಕೊಳ್ಳುವಳು. ಬಿದ್ದದ್ದನ್ನು ಆಯಬೇಕು, ಕೊಂಬೆಯಿಂದ ಕೀಳಬಾರದು ಎಂಬುದು ಅವಳ ನೇಮ. ಕೆಲವು ಹೂವನ್ನು ಕುದಿಸಿ ಬಣ್ಣ ಇಳಿಸುವಳು. ಉಳಿದದ್ದನ್ನು ಒಣಗಿಸಿ ಕುಡಿಕೆಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿಡುವಳು. ವರ್ಷಕ್ಕೊಂದು ಕುಡಿಕೆ. ಮರುವರ್ಷ ಎಲ್ಲ ಕುಡಿಕೆಗಳನ್ನೂ ಬಿಚ್ಚಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ, ಬಿಸಿಲಿಗೆ ಹಾಕಿ, ಮತ್ತೆ ಕಟ್ಟಿಡುವಳು. ಇನ್ನು ಯುಗಾದಿಗೆ ಮೊದಲು ಪಡಸಾಲೆಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದು, ಮನೆಯವರನ್ನೆಲ್ಲ ಸಾಲಾಗಿ ಬರೆಯುವಳು.

ಒಂದು ಚೈತ್ರದಲ್ಲಿ ಹಳೆಯ ಕುಡಿಕೆ ಬಿಚ್ಚಿದಾಗ ಕೆಂಪು ಹೂವೊಂದು ಸಿಕ್ಕಿತು. ಆಕಾರ ನೋಡಿದರೆ ಮುತ್ತುಗದ್ದು. ಹೊನ್ನಾಜಿ ತಲೆಯೆತ್ತಿ ಕೇರಿಯ ಕೊನೆಯ ಮುತ್ತುಗದ ಮರ ನೋಡಿದಳು. ಮರದ ತುಂಬ ಬೂದಿ ಬಣ್ಣದ ಹೂವು.

“ಮುತ್ತುಗ ಕೆಂಪಗಿತ್ತಾ?” ಎಂದು ಪಕ್ಕದ ಮನೆಯವಳನ್ನು ಕೇಳಿದಳು.

“ಯಾವ ಕಾಲದಲ್ಲಿ? ಮುತ್ತುಗ ಅಂದ್ರೆ ಬೂದಿ ಬಣ್ಣ ಅಲ್ವೇನೇ?” ಎಂದಳು ಅವಳು.

ಹೊನ್ನಾಜಿಗೂ ಹಾಗೇ ಅನ್ನಿಸಿತು. ಬೂದಿ ಬಣ್ಣವೇ ಸರಿ. ಆದರೆ ಕೈಯಲ್ಲಿ ಕೆಂಪು ಹೂವಿತ್ತಲ್ಲ!

ಮನಸ್ಸಿನಲ್ಲಿ ಅದನ್ನೇ ಇಟ್ಟುಕೊಂಡು ಅವಳು ಗೋಡೆಗೆ ಸುಣ್ಣ ಬಳಿಯಲು ನಿಂತಳು. ಕುಂಚ ಅದ್ದಿ ಎತ್ತಿದಳು. ಹಳೆಯ ಚಿತ್ರವನ್ನು ಕೊನೆಯ ಸಲ ನೋಡೋಣವೆಂದು ನೋಡಿದಳು. ಅತ್ತೆ ಇದ್ದಳು, ಗಂಡನಿದ್ದ, ತಾನಿದ್ದಳು. ತನ್ನ ಪಕ್ಕದಲ್ಲಿ ಒಬ್ಬ ಹುಡುಗಿಯಿದ್ದಳು. ಹಸಿರು ಲಂಗ, ಮುಂದಿನ ಒಂದು ಹಲ್ಲಿಲ್ಲ, ಎಡಗೈ ಮುಂದಕ್ಕೆ ಚಾಚಿ ನಗುತ್ತಿದ್ದಳು. ಆ ಹುಡುಗಿ ಯಾರೆಂದು ಹೊನ್ನಾಜಿಗೆ ತಿಳಿಯಲಿಲ್ಲ. ಕುಂಚದಿಂದ ಸುಣ್ಣ ತೊಟ್ಟಿಕ್ಕಿ ಅವಳ ಕಾಲ ಮೇಲೆ ಬಿತ್ತು.

“ಅತ್ತೆ, ಈ ಮಗು ಯಾರು?”

“ಬರ್ದೋಳು ನೀನು. ನನ್ನ ಕೇಳ್ತೀಯಾ?” ಎಂದಳು ಸಣ್ಣವ್ವ.

ಬೊಮ್ಮಣ್ಣ ಬಂದು ನೋಡಿ ನಕ್ಕ. “ಯಾರಾದ್ರೂ ಆಗ್ಲಿ, ಕೈ ನೋಡು ಕೈ! ಆರು ಬೆರಳು ಬರ್ದಿದ್ದೀಯಲ್ಲೇ! ಯಾವ ಲೋಕದಲ್ಲಿದ್ದೆ?”

ನಿಜ, ಎಡಗೈಗೆ ಆರು ಬೆರಳು. ಹೊನ್ನಾಜಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಬರೆದವಳು ಬೆರಳಲ್ಲಿ ತಪ್ಪಿದ್ದೆನಲ್ಲ ಎಂದುಕೊಂಡಳು. ಆದರೂ ಸುಣ್ಣ ಬಳಿಯಲು ಕೈ ಬರಲಿಲ್ಲ.

ಮಧ್ಯಾಹ್ನ ಊಟಕ್ಕೆ ಸಣ್ಣವ್ವ ನಾಲ್ಕು ತಟ್ಟೆ ಹಾಕಿದಳು. ನಾಲ್ಕನೆಯದನ್ನು ಒಂದು ಗಳಿಗೆ ನೋಡಿ, ಯಾಕೆ ಹಾಕಿದೆನೋ ಎಂದು ಗೊಣಗಿ ಒಳಗಿಟ್ಟಳು. ದಿನವೂ ಹೀಗೇ ಹಾಕಿ ಹೀಗೇ ಒಳಗಿಡುತ್ತಿದ್ದಳೆಂದು ಹೊನ್ನಾಜಿಗೆ ಆಗ ಹೊಳೆಯಿತು. ಎದ್ದು ಹೋಗಿ ಮರದ ಪೆಟ್ಟಿಗೆ ತೆರೆದಳು. ಬಟ್ಟೆಗಳ ತಳದಲ್ಲಿ ಪುಟ್ಟ ಹಸಿರು ಲಂಗವಿತ್ತು. ಅದರ ಅಂಚಿನ ಹೊಲಿಗೆ ಅವಳ ಕೈಯದ್ದೇ. ಅವಳಿಗೆ ಹೆದರಿಕೆಯಾಯಿತು. ಅಳುವೂ ಬಂತು, ಯಾರಿಗಾಗಿ ಎಂದು ಮಾತ್ರ ಗೊತ್ತಾಗಲಿಲ್ಲ.

ಅವಳು ಅರಮನೆಗೆ ಓಡಿ, ಮನೆಯಲ್ಲಿ ಯಾರೋ ಕಳೆದಿದ್ದಾರೆ, ಯಾರೆಂದು ನೆನಪಿಲ್ಲ ಎಂದು ರಾಜನಿಗೆ ದೂರು ಕೊಟ್ಟಳು. ರಾಜನ ಸಭೆಯಲ್ಲಿ ಎರಡು ಸಿಂಹಾಸನಗಳಿದ್ದವು. ಒಂದರಲ್ಲಿ ರಾಜ ಕೂತಿದ್ದ, ಇನ್ನೊಂದರ ಮೇಲೆ ಅವನ ಪಂಚೆ ಒಣಗುತ್ತಿತ್ತು.

“ಮಹಾಪ್ರಭು, ಆ ಎರಡನೆಯ ಸಿಂಹಾಸನ ಯಾರದು?” ಎಂದು ಕೇಳಿದಳು ಹೊನ್ನಾಜಿ.

“ಯಾರದೂ ಅಲ್ಲಮ್ಮ. ಬಟ್ಟೆ ಒಣಗಿಸೋಕೆ ಅನುಕೂಲ” ಎಂದ ರಾಜ. ಹೇಳುವಾಗ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಯಾಕೆಂದು ಅವನಿಗೂ ತಿಳಿದಿರಲಿಲ್ಲ, ಮಂತ್ರಿಗಳಿಗೂ ತಿಳಿದಿರಲಿಲ್ಲ.

ಹೊನ್ನಾಜಿ ಮನೆಗೆ ಬಂದಾಗ ಸಣ್ಣವ್ವ ಸೊಸೆಯ ಮುಖ ನೋಡಿ ಮೆಲ್ಲಗೆ ಹೇಳಿದಳು: “ನಾನು ಚಿಕ್ಕೋಳಿದ್ದಾಗ ನಮ್ಮಜ್ಜಿ ಪೆಟ್ಟಿಗೆಯಯ್ಯ ಅಂತ ಒಬ್ಬ ಮಾಂತ್ರಿಕನ ಮಾತಾಡ್ತಿದ್ಲು. ಚೆಂದ ಕಂಡಿದ್ದನ್ನೆಲ್ಲ ಪೆಟ್ಟಿಗೇಲಿ ಹಾಕ್ಕೊಳ್ತಾನಂತೆ. ಮುಚ್ಚಳ ಮುಚ್ಚಿದ ಕೂಡ್ಲೆ ಅದು ಎಲ್ರಿಗೂ ಮರ್ತುಹೋಗುತ್ತಂತೆ. ಅವನ ಮನೆ ಎಲ್ಲಿದೆಯೋ ನಾ ಕಾಣೆ ಕಣವ್ವ.”

ಹೊನ್ನಾಜಿ ತಡಮಾಡಲಿಲ್ಲ. ಗೋಡೆಯ ಹುಡುಗಿಯನ್ನು ಒಂದು ಬಟ್ಟೆಯ ಮೇಲೆ ಇದ್ದಂತೆಯೇ ನಕಲು ಮಾಡಿದಳು. ಆರನೆಯ ಬೆರಳಿಗೆ ಬಂದಾಗ ಕೈ ತಡೆಯಿತು. ಮನಸ್ಸು ತಡೆಯದೆ ಅದನ್ನೂ ಬರೆದಳು. ಹಳೆಯ ಬಣ್ಣದ ಸೋರೆಬುರುಡೆ, ದೀಪದ ಕಪ್ಪಿನ ಕರಡಿಗೆ, ಹಳೆಯ ಚಿತ್ರಗಳ ಸುರುಳಿ, ಇಷ್ಟನ್ನು ಗಂಟು ಕಟ್ಟಿಕೊಂಡು ಹೊರಟಳು. ಯಾವ ಕಡೆ ಹೂವಿನ ಬಣ್ಣ ಪೇಲವವೋ ಆ ಕಡೆ ನಡೆದಳು. ಮೊದಲ ದಿನ ಹಳದಿ ಹೂವುಗಳು ಮಾಸಿದವು. ಎರಡನೆಯ ದಿನ ಎಲೆಗಳ ಹಸಿರು ಹೋಯಿತು. ಮೂರನೆಯ ದಿನ ನೆಲ, ಮರ, ಆಕಾಶ ಎಲ್ಲವೂ ಒಂದೇ ಬೂದಿ ಬಣ್ಣದಲ್ಲಿದ್ದವು. ಕೋಗಿಲೆಗಳು ಕೊಂಬೆಯ ಮೇಲೆ ಕೂತು ಬಾಯಿ ತೆರೆದು ಮುಚ್ಚುತ್ತಿದ್ದವು, ದನಿಯಿರಲಿಲ್ಲ.

ಅಲ್ಲಿ ಮುತ್ತುಗದ ಕಾಡೊಂದು ಅಡ್ಡ ನಿಂತಿತು. ಮರಗಳು ಕೊಂಬೆಗೆ ಕೊಂಬೆ ಹೆಣೆದುಕೊಂಡು ದಾರಿ ಮುಚ್ಚಿದವು. “ನಮ್ಮದೊಂದು ಕಳೆದಿದೆ” ಎಂದು ಎಲ್ಲ ಮರಗಳೂ ಒಂದೇ ದನಿಯಲ್ಲಿ ಹೇಳಿದವು. “ಏನು ಕಳೆದಿದೆ ಅಂತ ಹೇಳಿ ಮುಂದೆ ಹೋಗು. ಇಲ್ಲದಿದ್ದರೆ ಇಲ್ಲೇ ಬೇರು ಬಿಡು.” ಆಗಲೇ ಅವಳ ಅಂಗಾಲಿನಲ್ಲಿ ಏನೋ ಮೊಳೆಯುತ್ತಿತ್ತು.

“ನನಗೂ ನೆನಪಿಲ್ಲ. ಆದರೆ ನಾನು ಎತ್ತಿಟ್ಟಿದ್ದೇನೆ” ಎಂದಳು ಹೊನ್ನಾಜಿ. ಸೋರೆಬುರುಡೆಯ ಬಣ್ಣವನ್ನು ಮರಗಳ ಬುಡಕ್ಕೆ ಸುರಿದಳು. ಎಂದೋ ಬಿದ್ದ ಹೂವುಗಳಿಂದ ಕುದಿಸಿ ಇಳಿಸಿದ ಬಣ್ಣ ಅದು. ಬುಡದಿಂದ ತುದಿಯವರೆಗೆ ಕೆಂಪು ಏರಿತು. ಮರಗಳು ನಿಟ್ಟುಸಿರು ಬಿಟ್ಟು ದಾರಿ ಕೊಟ್ಟವು.

ಕಾಡು ದಾಟಿದರೆ ಒಂದು ಕೊಳ. ಕೊಳದ ದಡದಲ್ಲಿ ಬೋಳು ಬೂದಿ ಮೈಯ ದೊಡ್ಡ ಮೃಗವೊಂದು ಕೂತಿತ್ತು. ಅದರ ಸುತ್ತ ಮೂಳೆಗಳ ರಾಶಿ. “ನಾನು ಯಾರು?” ಎಂದು ಅದು ಕೇಳಿತು. “ಸಿಂಹ ಅಂದವರನ್ನು ತಿಂದೆ. ನಾಯಿ ಅಂದವರನ್ನು ತಿಂದೆ. ನೀನೇನು ಅನ್ನುತ್ತೀಯ?”

“ನನಗೂ ನೆನಪಿಲ್ಲ. ಆದರೆ ನಾನು ಬರೆದಿದ್ದೇನೆ” ಎಂದಳು ಹೊನ್ನಾಜಿ. ಸುರುಳಿ ಬಿಚ್ಚಿ ಐದು ವರ್ಷದ ಹಿಂದಿನ ಚಿತ್ರವೊಂದನ್ನು ಹುಡುಕಿ ತೆಗೆದಳು. ಅದೇ ಮುಖ, ಅದೇ ಬಾಲ, ಮೈತುಂಬ ಕಪ್ಪು ಚುಕ್ಕೆ. “ಅಲ್ಲಾಡದೆ ಕೂತ್ಕೋ” ಎಂದು ಗದರಿ, ದೀಪದ ಕಪ್ಪನ್ನು ಹರಳೆಣ್ಣೆಯಲ್ಲಿ ಕಲಸಿ, ಚಿತ್ರ ನೋಡಿಕೊಂಡು ಒಂದೊಂದೇ ಚುಕ್ಕೆ ಇಟ್ಟಳು. ಮೃಗ ನೀರಿನಲ್ಲಿ ಬಗ್ಗಿ ನೋಡಿತು. “ಚಿರತೆ! ನಾನು ಚಿರತೆ!” ಎಂದು ಕೂಗಿ ಹಸುಗೂಸಿನ ಹಾಗೆ ಅತ್ತಿತು.

ಅತ್ತು ಮುಗಿಸಿದ ಚಿರತೆ ಹೇಳಿತು: “ತಾಯಿ, ಪೆಟ್ಟಿಗೆಯಯ್ಯನ ಪೆಟ್ಟಿಗೆಗಳಿಗೆಲ್ಲ ಒಂದೇ ಮಂತ್ರದ ಗಂಟು. ಯಾರಾದರೂ ಒಬ್ಬರು ತಮ್ಮದನ್ನು ಗುರುತಿಸಿ ಮುಟ್ಟಿದರೆ ಎಲ್ಲವೂ ಬಿಚ್ಚಿಕೊಳ್ಳುತ್ತವೆ. ಇನ್ನೊಂದು ಮಾತು. ಅವನು ಇಟ್ಟದ್ದನ್ನು ಮತ್ತೆ ತೆರೆದು ನೋಡುವವನಲ್ಲ.”

ಪೆಟ್ಟಿಗೆಯಯ್ಯನ ಮನೆ ನಡುಹಗಲಿನ ಬಿಸಿಲಿನಲ್ಲಿ ನಿಂತಿತ್ತು, ಅದಕ್ಕೆ ನೆರಳಿರಲಿಲ್ಲ. ಗೋಡೆಗಳೇ ಇಲ್ಲ, ಬರೀ ಪೆಟ್ಟಿಗೆಗಳು, ನೆಲದಿಂದ ಸೂರಿನವರೆಗೆ. ಒಂದರೊಳಗೆ ಯಾರೋ ಮೆಲ್ಲಗೆ ಉಗುರಿನಿಂದ ಗೀರುತ್ತಿದ್ದರು. ಬಿಳಿ ಬಟ್ಟೆಯ ತೆಳ್ಳನೆಯ ಮನುಷ್ಯನೊಬ್ಬ ಎದುರು ಬಂದ. ಅವನ ಮುಖದಿಂದ ಕಣ್ಣು ತೆಗೆದರೆ ಆ ಮುಖ ಹೇಗಿತ್ತೆಂಬುದೇ ಮರೆತುಹೋಗುತ್ತಿತ್ತು.

“ಬಾ ತಾಯಿ, ನೀನೂ ನನ್ನ ಹಾಗೇ ಕೂಡಿಡುವವಳು” ಎಂದ ಅವನು. “ಹೊರಗಿದ್ದರೆ ಹೂವು ಬಾಡುತ್ತದೆ, ಮಕ್ಕಳು ಬೆಳೆದುಬಿಡುತ್ತಾರೆ. ನನ್ನಲ್ಲಿ ಎಲ್ಲವೂ ಇಟ್ಟಂತೆ ಇರುತ್ತದೆ.”

“ನನಗೊಂದು ಹುಡುಗಿ ಬೇಕು ಅಯ್ಯ.”

“ಅವಳ ಹೆಸರೇನು?”

“ಗೊತ್ತಿಲ್ಲ.”

“ಅವಳು ನಿನಗೆ ಏನಾಗಬೇಕು?”

“ಗೊತ್ತಿಲ್ಲ.” ಹೊನ್ನಾಜಿ ಬಟ್ಟೆಯ ಚಿತ್ರ ಬಿಚ್ಚಿ ಹಿಡಿದಳು. “ನನಗೂ ನೆನಪಿಲ್ಲ. ಆದರೆ ನನ್ನ ಕೈ ಬರೆದಿದೆ. ಕಂಡದ್ದನ್ನಲ್ಲದೆ ನಾನು ಬರೆಯುವವಳಲ್ಲ.”

ಅವನು ಬಟ್ಟೆಯ ಚಿತ್ರವನ್ನು ಇಸಿದುಕೊಂಡು ನೋಡಿ ಕಿಲಕಿಲ ನಕ್ಕ. “ಪರವಾಗಿಲ್ಲ, ಬರುತ್ತದೆ ನಿನಗೆ. ಕೈಯೊಂದು ಕೆಟ್ಟಿದೆ, ಆರು ಬೆರಳು! ಹೋಗಲಿ ಬಿಡು, ತಪ್ಪು ಯಾರಿಗಿಲ್ಲ” ಎಂದು ಬಟ್ಟೆ ಹಿಂದಿರುಗಿಸಿ ಚಪ್ಪಾಳೆ ತಟ್ಟಿದ. ಒಂದು ಇಡೀ ಸಾಲಿನ ಮುಚ್ಚಳಗಳು ತೆರೆದವು. ಒಳಗೆ ನೂರು ಹುಡುಗಿಯರು ನಿಂತಿದ್ದರು. ನೂರು ಮಂದಿಗೂ ಹಸಿರು ಲಂಗ, ನೂರು ಮಂದಿಗೂ ಒಂದು ಹಲ್ಲಿಲ್ಲ, ಎಲ್ಲರದೂ ಒಂದೇ ಮುಖ, ಎಲ್ಲರ ಎಡಗೈಯೂ ಮುಂದಕ್ಕೆ ಚಾಚಿತ್ತು.

“ಎಲ್ಲರಿಗೂ ನಿನ್ನ ಚಿತ್ರದ ರೂಪವನ್ನೇ ಕೊಟ್ಟಿದ್ದೇನೆ. ಇವರಲ್ಲಿ ಒಬ್ಬಳು ನಿನ್ನವಳು. ಒಂದೇ ಸಲ ಮುಟ್ಟಬೇಕು” ಎಂದ ಪೆಟ್ಟಿಗೆಯಯ್ಯ. ಪಕ್ಕದಲ್ಲಿ ಹೊನ್ನಾಜಿಯಷ್ಟೇ ಎತ್ತರದ ಖಾಲಿ ಪೆಟ್ಟಿಗೆಯೊಂದು ಬಾಯಿ ತೆರೆದು ನಿಂತಿತ್ತು. “ತಪ್ಪಿದರೆ ಇದರೊಳಗೆ ನೀನು. ಆಮೇಲೆ ನಿನ್ನ ಗಂಡ, ಗೋಡೆಯ ಮೇಲಿನ ಈ ಇಬ್ಬರು ಯಾರು ಎಂದು ಕೇಳಿಕೊಳ್ಳುತ್ತಾನೆ.”

ಹೊನ್ನಾಜಿ ಮೊದಲನೆಯ ಸಲ ಸಾಲಿನುದ್ದಕ್ಕೂ ಮುಖಗಳನ್ನು ನೋಡುತ್ತ ನಡೆದಳು. ಎಲ್ಲವೂ ಒಂದೇ. ಎರಡನೆಯ ಸಲ “ಮಗಾ, ಮಗಾ” ಎಂದು ಕರೆಯುತ್ತ ನಡೆದಳು. ನೂರು ಜೊತೆ ಕಣ್ಣುಗಳು ಒಟ್ಟಿಗೇ ಮಿಟುಕಿದವು. ಮೂರನೆಯ ಸಲ ಹೊರಡುವ ಮೊದಲು ಕೈಯಲ್ಲಿದ್ದ ಚಿತ್ರವನ್ನು ನೋಡಿಕೊಂಡಳು. ಗಂಡ ನಕ್ಕ ಬೆರಳು, ಮಾಂತ್ರಿಕ ನಕ್ಕ ಬೆರಳು. ತಾನೇ ನಾಚಿದ ಬೆರಳು. ಆಗ ತನ್ನ ಬಾಯಿಂದಲೇ ಬಂದ ಮಾತು ಅವಳಿಗೆ ಮತ್ತೆ ಕೇಳಿಸಿತು. ಕಂಡದ್ದನ್ನಲ್ಲದೆ ನಾನು ಬರೆಯುವವಳಲ್ಲ.

ಈ ಸಲ ಅವಳು ಮುಖ ನೋಡಲಿಲ್ಲ. ಕೈಗಳನ್ನು ನೋಡುತ್ತ ನಡೆದಳು. ಐದು ಬೆರಳು. ಐದು ಬೆರಳು. ಐದು ಬೆರಳು. ಸಾಲು ಮುಗಿಯುತ್ತ ಬಂತು. ಕೊನೆಯಿಂದ ಮೂರನೆಯ ಪೆಟ್ಟಿಗೆಯಲ್ಲಿ, ಕಿರುಬೆರಳಿನ ಪಕ್ಕಕ್ಕೆ ಅಂಟಿಕೊಂಡಂತೆ, ಹೆಸರುಕಾಳಿನಷ್ಟು ಉಗುರಿದ್ದ ಪುಟ್ಟ ಆರನೆಯ ಬೆರಳು. ಮಾಂತ್ರಿಕ ಎಲ್ಲರ ಮುಖ ಬದಲಿಸಿದ್ದ, ಬಟ್ಟೆ ಬದಲಿಸಿದ್ದ. ಕೈಗಳಿಗೆ ಐದೇ ಬೆರಳೆಂದು ನಂಬಿ ಅವುಗಳನ್ನು ನೋಡಲೇ ಇಲ್ಲ. ಹೊನ್ನಾಜಿ ಆ ಕೈಯನ್ನು ಹಿಡಿದಳು.

ಹಿಡಿದ ಕೂಡಲೇ ಎಲ್ಲವೂ ನೆನಪಾಯಿತು. ಸೂಲಗಿತ್ತಿ ಕೂಸನ್ನು ಎತ್ತಿ ಕೈ ತೋರಿಸಿದ್ದು, ಬೊಮ್ಮಣ್ಣ ಆ ಬೆರಳಿಗೆ ಮುತ್ತಿಟ್ಟದ್ದು, ಹಸಿ ಮಡಕೆಗಳ ಮೇಲೆ ಮಗು ಆರು ಬೆರಳ ಗುರುತು ಮಾಡಿ ಬೈಸಿಕೊಂಡದ್ದು. “ಸಂಪಿ!” ಎಂದು ಚೀರಿದಳು. “ನನ್ನ ಮಗಳು ಸಂಪಿ!”

“ಅವ್ವಾ, ಎಷ್ಟೊತ್ತು ಮಾಡ್ದೆ!” ಎಂದಿತು ಮಗು.

ಗಂಟು ಬಿಚ್ಚಿತು. ಮನೆಯ ತುಂಬ ಮುಚ್ಚಳಗಳು ಪಟಪಟನೆ ತೆರೆದುಕೊಂಡವು. ಕೆಂಪು, ಹಳದಿ, ಹಸಿರು, ಕೋಗಿಲೆಯ ದನಿ, ಚಿರತೆಯ ಚುಕ್ಕೆ, ಕಳೆದುಹೋದ ಮಕ್ಕಳು, ಮುದುಕರು, ಒಬ್ಬಳು ರಾಣಿ, ಎಲ್ಲರೂ ಎಲ್ಲವೂ ಒಟ್ಟಿಗೆ ಹೊರಗೆ ನುಗ್ಗಿದರು. “ಮುಟ್ಟಬೇಡಿ, ಬಾಡುತ್ತೀರಿ!” ಎಂದು ಕೂಗುತ್ತ ಪೆಟ್ಟಿಗೆಯಯ್ಯ ಹಿಂದೆ ಹಿಂದೆ ಸರಿದ. ಸರಿಯುತ್ತ ಸರಿಯುತ್ತ ಖಾಲಿ ಪೆಟ್ಟಿಗೆಯೊಳಗೆ ಹೋಗಿ ನಿಂತ. ಮುಚ್ಚಳ ತಾನಾಗಿ ಮುಚ್ಚಿಕೊಂಡಿತು. ಅಲ್ಲಿದ್ದವರೆಲ್ಲ, ಈಗಷ್ಟೇ ಯಾರೋ ಕೂಗಿದರಲ್ಲ, ಯಾರದು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ರಾಣಿ ಅರಮನೆಗೆ ಬಂದು ತನ್ನ ಸಿಂಹಾಸನದ ಮೇಲಿನ ಪಂಚೆ ನೋಡಿ ರಾಜನಿಗೆ ಮಾಡಿದ ಮಂಗಳಾರತಿ ಮೂರು ಬೀದಿಗೆ ಕೇಳಿಸಿತು. ರಾಜ ಅಷ್ಟು ಸಂತೋಷದಿಂದ ಬೈಸಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಕುಂಬಾರಗೇರಿಯಲ್ಲಿ ಬೊಮ್ಮಣ್ಣ ಮಗಳನ್ನು ಕಂಡು ಕೈಯಲ್ಲಿದ್ದ ಹಸಿ ಮಡಕೆ ಬೀಳಿಸಿದ. ಅವಳ ಎಡಗೈ ಹಿಡಿದು, “ನಾನು ನಕ್ಕಿದ್ದೆ ಕಣೇ, ನಾನೇ ನಕ್ಕಿದ್ದೆ” ಎಂದು ಹೊನ್ನಾಜಿಯ ಮುಂದೆ ಅತ್ತ. ಸಣ್ಣವ್ವ ನಾಲ್ಕು ತಟ್ಟೆ ಹಾಕಿ, ನಾಲ್ಕಕ್ಕೂ ಬಡಿಸಿದಳು.

ಆಮೇಲೆ ಸುರಗಿಪುರದಲ್ಲಿ ಎಲ್ಲರೂ ಸುಖವಾಗಿದ್ದರು, ಮುತ್ತುಗ ಕೆಂಪಗೆ ಅರಳಿತು, ಬಾಡಿತು, ಮತ್ತೆ ಅರಳಿತು. ಮಕ್ಕಳು ಬೆಳೆದು ದೊಡ್ಡವರಾದರು. ಆ ಮಾಂತ್ರಿಕನ ಮುಖ ಹೇಗಿತ್ತು ಎಂದು ನನ್ನನ್ನು ಕೇಳಬೇಡಿ, ಹೊನ್ನಾಜಿ ಅದನ್ನು ಎಲ್ಲೂ ಬರೆದಿಡಲಿಲ್ಲ. ಅವಳು ಮಾತ್ರ ಪ್ರತಿ ಯುಗಾದಿಗೂ ಹೊಸ ಸುಣ್ಣ ಬಳಿದು, ಬರೀ ಗೋಡೆಯ ಮುಂದೆ ಕೂತು, ಮೊದಲು ಆ ಪುಟ್ಟ ಆರನೆಯ ಬೆರಳನ್ನು ಬರೆಯುತ್ತಿದ್ದಳು. ಆಮೇಲೆ ಅದರ ಸುತ್ತ ಕೈ, ಕೈಯ ಹಿಂದೆ ಮಗಳು, ಮಗಳ ಸುತ್ತ ಮನೆಯವರು.