ನೂರಿಪ್ಪತ್ತೊಂದರ ಮಿತಿ

೨೦೬೧ರ ಬೇಸಿಗೆಯಲ್ಲಿ, ಹುಬ್ಬಳ್ಳಿಯ ಮೈದಾನವೊಂದರಲ್ಲಿ, ‘ದೇಹಮಿತಿ’ ಯಂತ್ರ ವೇಗದ ಬೌಲರ್ ಆಫ್ರೀನ್ ನದಾಫಳನ್ನು ಅಡಿಯಿಂದ ಮುಡಿಯವರೆಗೆ ಅಳೆಯಿತು. ಓಟದ ರಭಸ, ಊರಿದ ಮುಂಗಾಲು ಒಡ್ಡುವ ತಡೆ, ಹೆಗಲಿನ ತಿರುವು, ತೋಳಿನ ಉದ್ದ: ಚೆಂಡಿನ ವೇಗ ಹುಟ್ಟುವುದು ಇವುಗಳಿಂದಲೇ. ಇವನ್ನೆಲ್ಲ ಕೂಡಿಸಿ, ಒಂದು ದೇಹ ಹೆಚ್ಚೆಂದರೆ ಎಷ್ಟು ವೇಗವಾಗಿ ಬೌಲ್ ಮಾಡಬಲ್ಲದು ಎಂದು ಯಂತ್ರ ಹೇಳುತ್ತಿತ್ತು. ಆಫ್ರೀನಳಿಗೆ ಗಂಟೆಗೆ ನೂರಿಪ್ಪತ್ತೊಂದು ಕಿಲೋಮೀಟರ್ ಎಂದಿತು. ಆಕೆ ಆಗಲೇ ನೂರಹದಿನೆಂಟು ಮುಟ್ಟಿದ್ದಳು.

ಕ್ರಿಕೆಟ್ ಅಕಾಡೆಮಿಯಲ್ಲಿ ಉಳಿದಿದ್ದುದು ಒಂದೇ ಸೀಟು; ಅದಕ್ಕೆ ಆಫ್ರೀನಳ ಜೊತೆ ಒಬ್ಬ ಹುಡುಗನೂ ಸ್ಪರ್ಧೆಯಲ್ಲಿದ್ದ. ಆಯ್ಕೆ ಸಮಿತಿಯ ಅಧ್ಯಕ್ಷ ಬಾಳಪ್ಪ ಅಕ್ಕಿವಳ್ಳಿ, ಜೀವಮಾನದಲ್ಲಿ ಒಂದು ಓವರ್ ನೆಟ್ಟಗೆ ಹಾಕದ ಮಹಾನುಭಾವರು, ತೀರ್ಪು ಕೊಟ್ಟೇಬಿಟ್ಟರು.

"ನೋಡ್ರಿ ಮೇಡಂ, ನಿಮ್ಮ ಮಷೀನೇ ಹೇಳಾಕತ್ತೈತಿ. ಈ ಹುಡುಗಿಗೆ ಬೆಳ್ಯಾಕ ಮೂರೇ ಕಿಲೋಮೀಟರ್ ಉಳದೈತಿ. ಆ ಹುಡುಗಗ ಇಪ್ಪತ್ತೈತಿ. ಸೀಟು ಅವಗ."

ಯಂತ್ರ ಕಟ್ಟಿದ ವಿಜ್ಞಾನಿ ಸುಹಾಸಿನಿ ಬಾಳಿಕಾಯಿಗೆ ಮೈ ಉರಿದುಹೋಯಿತು. ಹೆಣ್ಣು ಗಂಡಿನ ತೋಳು, ಸ್ನಾಯುಗಳಲ್ಲಿ ವ್ಯತ್ಯಾಸವಿರುವುದನ್ನು ಆಕೆ ಅಲ್ಲಗಳೆದವಳಲ್ಲ. ಇದ್ದ ದೇಹದಿಂದ ಯಾರು ಎಷ್ಟು ಸಾಧಿಸಿದ್ದಾರೆಂದು ತೋರಿಸಲೆಂದೇ ಯಂತ್ರ ಕಟ್ಟಿದ್ದಳು. ಈ ಬೃಹಸ್ಪತಿಗಳು ಅದನ್ನೇ ಬಾಗಿಲಿಗೆ ಬೀಗ ಮಾಡಿಕೊಂಡರು.

"ಮೇಡಂ, ಇನ್ನೊಂದ್ ಬಾಲ್ ಹಾಕ್ಲೇನ್ರೀ?" ಎಂದಳು ಆಫ್ರೀನ್.

ಓಡಿ ಬಂದಳು. ಮುಂಗಾಲು ಗೂಟ ಹೊಡೆದಂತೆ ನಿಂತಿತು. ಸ್ಟಂಪ್ ಹಾರಿ ಬಿತ್ತು. ವೇಗಮಾಪಕ ತೋರಿಸಿದ್ದು ನೂರಿಪ್ಪತ್ತನಾಲ್ಕು. ಯಂತ್ರದ ಪರದೆಯ ಮೇಲೆ ‘ಅಸಾಧ್ಯ, ಎಸೆತ ರದ್ದು’ ಎಂದು ಮೂಡಿತು.

"ರದ್ದು!" ಎಂದರು ಅಧ್ಯಕ್ಷರು. ಬಿದ್ದ ಸ್ಟಂಪನ್ನು ಕಣ್ಣಾರೆ ನೋಡುತ್ತಲೇ ಸದಸ್ಯರೆಲ್ಲ ತಲೆಯಾಡಿಸಿದರು.

"ಸ್ಟಂಪ್ ಬಿದ್ದೈತಲ್ರೀ!" ಎಂದಳು ಆಫ್ರೀನ್.

"ಮಷೀನ್ ಒಪ್ಪವಲ್ದು, ತಂಗಿ. ವಿಜ್ಞಾನಕ್ಕಿಂತ ನೀ ದೊಡ್ಡಾಕಿಯೇನು?"

"ಥೂ! ಅದು ವಿಜ್ಞಾನ ಅಲ್ರೀ, ನನ್ನ ಊಹೆ!" ಸುಹಾಸಿನಿ ಸಿಡಿದಳು. "ಮಷೀನಿಗೆ ಕಲಿಸಾಕ ನನಗ ಸಿಕ್ಕಿದ್ದು ಬರೇ ಗಂಡಸರ ಅಳತಿ. ಅದನ್ನ ಕುಗ್ಗಿಸಿ ಹೆಣ್ಮಕ್ಕಳ ಮಿತಿ ಮಾಡೀನಿ. ಈ ಮೈದಾನದಾಗ ಹುಡುಗ್ಯಾರ ವೇಗ ಯಾರೂ ಅಳೆದೇ ಇಲ್ಲ."

"ಅಳತಿ ಇಲ್ಲಂದ್ರ ವೇಗನೂ ಇಲ್ಲ ಬಿಡ್ರಿ," ಎಂದು ನಕ್ಕು ಅಧ್ಯಕ್ಷರು ಚಹಾಕ್ಕೆ ಎದ್ದರು. ಸೀಟು ಹುಡುಗನಿಗೇ ಹೋಯಿತು.

ಆಫ್ರೀನಳನ್ನು ಸೋಲಿಸಿದ್ದು ತೋಳಿನ ಉದ್ದವಲ್ಲ. ಅದಕ್ಕೂ ನಲವತ್ತು ವರ್ಷ ಮೊದಲು, ಅಂದರೆ ನಮ್ಮ ನಿಮ್ಮ ಈ ಕಾಲದಲ್ಲಿ, ಹುಡುಗಿಯರ ನೆಟ್ಸ್ ಸರದಿ ಬಂತೆಂದರೆ ಸಾಕು, "ಇವರದೇನು ಅಳೆಯೋದು" ಎಂದು ವೇಗಮಾಪಕವನ್ನು ಆರಿಸಿ ಪೆಟ್ಟಿಗೆಗೆ ಹಾಕುತ್ತಿದ್ದ ಜಾಣರೊಬ್ಬರು ಅದೇ ಮೈದಾನದಲ್ಲಿದ್ದರು. ಇವತ್ತು ಸಂಜೆ ನಿಮ್ಮೂರಿನ ಮೈದಾನಕ್ಕೆ ಹೋದರೆ ಒಮ್ಮೆ ನೋಡಿ, ಅವರು ಇನ್ನೂ ಅಲ್ಲೇ ಇರಬಹುದು.