ನೆಟ್ ಇಲ್ಲದ ಕಂಪ್ಯೂಟರಿನ ವೈರಸ್

ಫೆಬ್ರುವರಿ ಹತ್ತು, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಿಗೆ ಡಾಕ್ಟರ್ ಗುರುಸಂಗಪ್ಪ ರೋಣದ ಪೊಲೀಸ್ ಠಾಣೆಗೆ ಬಂದರು. ಊರಿನಲ್ಲಿ ಎಲುಬಿನ ದವಾಖಾನೆ ನಡೆಸುವ ಅವರು, ಇನ್ಸ್‌ಪೆಕ್ಟರ್ ನೀಲಾ ಕೂರಲು ಹೇಳುವ ಮೊದಲೇ ಕುರ್ಚಿಯಲ್ಲಿ ಕುಸಿದರು.

“ಎಕ್ಸ್‌ರೇ ಕಂಪ್ಯೂಟರ್‌ಗೆ ವೈರಸ್ ಹೊಕ್ಕೈತ್ರಿ ಮೇಡಂ. ಹಳೇ ಎಕ್ಸ್‌ರೇ ಎಲ್ಲಾ ಹೋಗ್ಯಾವು. ರೊಕ್ಕಾ ಕೊಟ್ರ ತಿರುಗಿ ಕೊಡ್ತೀವಿ ಅಂತ ಸ್ಕ್ರೀನ್ ಮ್ಯಾಲ ಬರದೈತಿ.”

“ಯಾವಾಗ ನೋಡಿದ್ರಿ?”

“ಈಗ ಮುಂಜಾನಿ. ನಿನ್ನೆ ಸೋಮವಾರ, ಅರ್ಧಾ ದಿನ. ಒಂದಕ್ಕ ಬಂದ್ ಮಾಡಿದ್ವಿ.”

ದೂರು ಬರೆಸಿಕೊಂಡು, ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಿಸಿ, ನೀಲಾ ಹೆಡ್ ಕಾನ್‌ಸ್ಟೆಬಲ್ ಹನಮಪ್ಪನನ್ನು ಕರೆದುಕೊಂಡು ದವಾಖಾನೆಗೆ ಹೊರಟಳು. ಪಂಚನಾಮೆ ಶುರುವಾದಾಗ ಹನ್ನೊಂದೂವರೆ. ಬಾಗಿಲ ಕೀಲಿ ಮುರಿದಿರಲಿಲ್ಲ.

ಕಂಪ್ಯೂಟರ್ ಹಳೆಯ ವಿಂಡೋಸ್ ಸೆವೆನ್‌ದು. ಎಕ್ಸ್‌ರೇ ಯಂತ್ರದ ಸಾಫ್ಟ್‌ವೇರ್ ಅದರ ಮೇಲೆ ಬಿಟ್ಟರೆ ಬೇರೆ ಯಾವುದರ ಮೇಲೂ ಓಡುತ್ತಿರಲಿಲ್ಲ.

“ಕಂಪನಿಯವ್ರು ಇದಕ್ಕ ರಕ್ಷಣೆ ಕೊಡೂದು ನಿಲ್ಲಿಸಿ ಆರು ವರ್ಷ ಆತ್ರಿ,” ಎಂದರು ಡಾಕ್ಟರ್. “ಹೊಸಾ ಕಳ್ಳ ಬಂದ್ರ ತಡಿಯಾಕ ಇದಕ್ಕ ಬರೂದಿಲ್ಲ. ಅದಕ್ಕ ನೆಟ್ ವೈರ್ ಕಿತ್ತು ಹಾಕೀನಿ. ಪೆನ್‌ಡ್ರೈವ್ ಹಾಕೂ ತೂತಿಗೆಲ್ಲಾ ಟೇಪ್ ಅಂಟಿಸಿ ಮ್ಯಾಲ ಸಹಿ ಮಾಡೀನಿ. ತೆಗೆಯೂದು ಹಚ್ಚೂದು ನಾನ ಮಾಡ್ತೀನಿ. ಎಕ್ಸ್‌ರೇ ಬಿಟ್ರ ಇದ್ರಾಗ ಬ್ಯಾರೆ ಕೆಲಸಾ ಇಲ್ಲ.”

ನೀಲಾ ಬಗ್ಗಿ ಟಾರ್ಚ್ ಹಿಡಿದಳು. ಟೇಪು ಎಲ್ಲೂ ಎದ್ದಿರಲಿಲ್ಲ. ಸಹಿ ಗೀರೂ ಬೀಳದೆ ಇತ್ತು.

“ಹಂಗಾದ್ರ ವೈರಸ್ ಯಾವ ದಾರಿಲೆ ಬಂತ್ರಿ ಡಾಕ್ಟರ?”

ಡಾಕ್ಟರ್ ತಾವೂ ಬಗ್ಗಿ ಟೇಪು ಮುಟ್ಟಿ ನೋಡಿದರು.

ಅವಳು ಸ್ಕ್ರೀನಿನ ಇಂಗ್ಲಿಷ್ ಬರಹವನ್ನು ಮತ್ತೊಮ್ಮೆ ಓದಿದಳು. ಹಣ ಕೊಡಿ ಎಂದಿತ್ತು. ಯಾರಿಗೆ, ಎಲ್ಲಿಗೆ ಎಂದಿರಲಿಲ್ಲ. ಸುಲಿಯಲು ಬಂದವನು ವಿಳಾಸ ಮರೆಯುತ್ತಾನೆಯೇ? ಅಂದಿನಿಂದ ಆ ದವಾಖಾನೆಯಲ್ಲಿ ಯಾರು ನಕ್ಕರೂ, ಯಾರು ಸುಮ್ಮನಿದ್ದರೂ ಅವಳಿಗೆ ಅನುಮಾನವೇ.

“ಪ್ರತಿ ಇಟ್ಟಿದ್ರೇನು?”

“ಇಲ್ಲೇ ಡ್ರಾದಾಗ ಒಂದು ಡಿಸ್ಕ್ ಇತ್ರಿ. ನನ್ನ ಲ್ಯಾಪ್‌ಟಾಪಿಗೆ ಹಚ್ಚಿ ನೋಡಿದೆ, ಅದೂ ಖಾಲಿ.” ಡಾಕ್ಟರ್ ದನಿ ತಗ್ಗಿಸಿದರು. “ಇನ್ನೊಂದು ನರಗುಂದದಾಗ ನಮ್ಮಣ್ಣನ ಮನ್ಯಾಗೈತಿ. ಹೋದ ತಿಂಗಳ ಕಡೀಕ ಒಯ್ದಿಟ್ಟೀನಿ. ಯಾರಿಗೂ ಹೇಳಿಲ್ಲ.”

“ಮುಂದೂ ಹೇಳಬ್ಯಾಡ್ರಿ.”

ಕೀಲಿ ಇದ್ದದ್ದು ಮೂವರ ಬಳಿ: ಡಾಕ್ಟರ್, ಚೀಟಿ ಬರೆಯುವ ನಿರ್ಮಲಾ, ಎಕ್ಸ್‌ರೇ ತೆಗೆಯುವ ರಾಯಣ್ಣ. ನಿರ್ಮಲಾ ಮೊದಲು ತೋರಿಸಿದ್ದು ಹೊರಗಿನವನನ್ನು.

“ಗಜೇಂದ್ರಗಡದಿಂದ ಕಂಪ್ಯೂಟರ್ ಅಂಗಡಿ ಬಾಷಾ ಬಂದಿದ್ದ ರಿ. ಇದು ಇವತ್ತಿಲ್ಲಾ ನಾಳೆ ಕೈ ಕೊಡ್ತೈತಿ, ಹೊಸಾದು ತಗೋರಿ ಅಂತ ಹೆದರಿಸಿ ಹೋದ.”

“ಸೋಮವಾರ ಯಾರು ಕೀಲಿ ಹಾಕಿದ್ರಿ?”

“ನಾನ್ರಿ. ರಾಯಣ್ಣ ನನಗಿಂತ ಮೊದಲ ಹೋದ.”

ರಾಯಣ್ಣ ತಲೆಯಾಡಿಸಿದ. “ಹೌದ್ರಿ, ಊರಿಗೆ ಹೋದೆ. ಅಬ್ಬಿಗೇರಿಗೆ.”

ಮಧ್ಯಾಹ್ನ ಜೀಪು ಗಜೇಂದ್ರಗಡಕ್ಕೆ ಹೋಯಿತು. ಬಾಷಾ ಹೆದರಲಿಲ್ಲ, ಸಿಟ್ಟಾದ.

“ಹಳೇ ಮಷೀನಿಗೆ ಹೊಸಾದು ತಗೋರಿ ಅನ್ನೂದು ತಪ್ಪೇನ್ರಿ? ಮುಟ್ಟಾಕೂ ಬಿಡಲಿಲ್ಲ ಡಾಕ್ಟರ. ನೋಡ್ರಿ, ನಮ್ಮ ಅಂಗಡ್ಯಾಗ ಕ್ಯಾಮೆರಾ ಐತಿ.”

ಸೋಮವಾರ ಇಡೀ ದಿನ ಬಾಷಾ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದು ಕ್ಯಾಮೆರಾದಲ್ಲಿ ಕಂಡಿತು. ಅವನನ್ನು ಬಿಡಬೇಕಾಯಿತು.

ಗುರುವಾರ ಗದಗಿನ ಸೈಬರ್ ಠಾಣೆಯ ವರದಿ ಬಂತು. ವೈರಸ್ಸೇ ಇಲ್ಲ. ಆ ಬರಹ ಅದೇ ಕಂಪ್ಯೂಟರಿನಲ್ಲಿ ಮಾಡಿ ಸ್ಕ್ರೀನಿಗೆ ಹಾಕಿದ ಬರೀ ಚಿತ್ರ. ಎಕ್ಸ್‌ರೇಗಳನ್ನು ಸೋಮವಾರ ಮಧ್ಯಾಹ್ನ ಎರಡರ ಸುಮಾರಿಗೆ ಯಾರೋ ಅಲ್ಲೇ ಕೂತು ಅಳಿಸಿದ್ದರು.

ನೀಲಾ ವರದಿ ಮಡಿಚಿದಳು. “ಹನಮಪ್ಪನವರ, ಎಕ್ಸ್‌ರೇ ಹೋದ್ರ ಯಾರಿಗೆ ಲಾಭ?”

ಹನಮಪ್ಪ ತಲೆ ಕೆರೆದುಕೊಂಡ. “ಲಾಭಾ ಅಂದ್ರ… ನಮ್ಮ ಠಾಣ್ಯಾಗಿನ ಅನ್ನಪೂರ್ಣಾನ ಕೇಸಿಗೆ ಅಲ್ಲಿ ಎಕ್ಸ್‌ರೇ ಕೇಳಿದ್ವಲ್ರಿ.”

ಅನ್ನಪೂರ್ಣಾಳ ಕೈ ಡಿಸೆಂಬರಿನಲ್ಲಿ ಮುರಿದಿತ್ತು. ರಾಡಿನಿಂದ ಹೊಡೆದ ಎಂದು ಅವಳು, ಬಚ್ಚಲಲ್ಲಿ ಜಾರಿದಳು ಎಂದು ಗಂಡ ಸಿದ್ದರಾಮೇಶ. ಅವಳ ಕೈಯಲ್ಲಿದ್ದ ಫಿಲ್ಮನ್ನು ಅವನು ಒಲೆಗೆ ಹಾಕಿದ್ದ. ಎಲುಬು ಈಗ ಕೂಡಿತ್ತು. ಹೇಗೆ ಮುರಿದಿತ್ತೆಂದು ಹೇಳಬಲ್ಲದ್ದು ಆ ಕಂಪ್ಯೂಟರಿನಲ್ಲಿದ್ದ ಎಕ್ಸ್‌ರೇ ಒಂದೇ.

“ಪತ್ರ ಯಾರ ಕೈಯಾಗ ಕೊಟ್ರಿ?”

“ಶನಿವಾರ ಹೋದಾಗ ಡಾಕ್ಟರ ಇರಲಿಲ್ರಿ. ರಾಯಣ್ಣಗ ಕೊಟ್ಟೆ.”

ನೀಲಾ ಡಾಕ್ಟರಿಗೆ ಫೋನ್ ಮಾಡಿದಳು. ಅಂಥ ಪತ್ರವನ್ನು ಅವರು ನೋಡಿಯೇ ಇರಲಿಲ್ಲ.

ಅವಳಿಗೆ ಇನ್ನೊಂದು ಮಾತು ಚುಚ್ಚತೊಡಗಿತು. ಅನ್ನಪೂರ್ಣಾಳ ತವರೂ ಅಬ್ಬಿಗೇರಿ, ಅಲ್ಲಿ ಅಣ್ಣನಿದ್ದಾನೆ. ಆದರೂ ಅವಳು ಉಳಿದದ್ದು ನರೇಗಲ್ಲಿನ ಚಿಕ್ಕಮ್ಮನ ಮನೆಯಲ್ಲಿ. ಕೈ ಮುರಿದ ತಂಗಿಯನ್ನು ಒಳಗೆ ಕರೆಯದ ಆ ಅಣ್ಣ ಯಾರು?

ಸೋಮವಾರ ತಡವಾಗಿ ಬಂದ ರೋಗಿಗಳಿದ್ದರೇ ಎಂದು ಕೇಳಿದಾಗ ನಿರ್ಮಲಾ ಪುರ್ತಗೇರಿಯ ಫಕೀರವ್ವನ ಹೆಸರು ಹೇಳಿದಳು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ ಆ ಮುದುಕಿ, ದವಾಖಾನೆ ಬಂದ್ ಎಂದು ನಿರ್ಮಲಾ ಹೇಳಿದರೂ ಕೇಳದೆ ಅತ್ತಲೇ ಹೋಗಿದ್ದಳಂತೆ. ಸಂಜೆ ನಾಲ್ಕಕ್ಕೆ ಫಕೀರವ್ವ ತನ್ನ ಮನೆಯ ಕಟ್ಟೆಯ ಮೇಲೆ ಮೊಣಕಾಲು ಒತ್ತಿಕೊಳ್ಳುತ್ತ ಸಿಕ್ಕಳು.

“ಬಾಗಲಾ ಮುಚ್ಚಿತ್ತೇನು ಆಯಿ?”

“ಮುಚ್ಚಿತ್ತು, ಕೀಲಿ ಇರಲಿಲ್ಲ ಯವ್ವಾ. ಬಡದ್ ಬಡದ್ ಕೈ ನೋಯ್ತು. ಕಡೀಕ ಆ ಫೋಟೋ ತಗಿಯೂ ಹುಡುಗ ಇಣುಕಿದ. ನಾಳಿ ಬಾ ಅಂದ. ಮಾರಿ ಹೆಂಗಿತ್ತಂತಿ, ಹೆಣಾ ಕಂಡವ್ರ ಗತೆ.”

ಹೇಳಿಕೆ ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡರು.

ಶುಕ್ರವಾರ ಬೆಳಿಗ್ಗೆ ರಾಯಣ್ಣನನ್ನು ಠಾಣೆಗೆ ಕರೆಸಿದರು.

“ಸೋಮವಾರ ಮಧ್ಯಾಹ್ನ ಎಲ್ಲಿದ್ದಿ?”

“ಹೇಳಿದ್ನಲ್ರಿ, ಊರಾಗ.”

“ಫಕೀರವ್ವಗ ನಾಳಿ ಬಾ ಅಂದಾವ ಯಾರು?”

ರಾಯಣ್ಣ ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

“ಶನಿವಾರ ಕೊಟ್ಟ ಪತ್ರ ಎಲ್ಲೈತಿ?”

“ಹರದು ಹಾಕೀನ್ರಿ.”

“ಅನ್ನಪೂರ್ಣಾ ನಿನಗೇನಾಗಬೇಕು?”

ರಾಯಣ್ಣ ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟು ನೋಡಿಕೊಂಡ.

“ತಂಗಿ ರಿ. ಒಡಹುಟ್ಟಿದಾಕಿ. ಆ ಎಕ್ಸ್‌ರೇ ತಗದಾಂವಾನೂ ನಾನ. ಅವತ್ತ ಡಾಕ್ಟರಿಗೆ ನಮ್ಮೂರಾಕಿ ಅಂತಷ್ಟ ಹೇಳಿದೆ.”

“ಮತ್ಯಾಕ ಅಳಿಸಿದಿ?”

“ಸಿದ್ದರಾಮೇಶನ ತಂಗಿ ನನ್ನ ಹೆಂಡ್ತಿ ರಿ. ನಮ್ಮ ಹುಡುಗಿ ಅವ್ರಿಗೆ, ಅವ್ರ ಹುಡುಗಿ ನಮಗ, ಒಂದ ಹಂದರದಾಗ ಎರಡೂ ಮದವಿ ಆಗಿದ್ವು. ಅಂವ ಜೇಲಿಗೆ ಹೋದ್ರ ಅವತ್ತ ತಮ್ಮ ಮಗಳನ್ನ ಕರಕೊಂಡು ಹೋಗ್ತೀವಿ ಅಂತ ನಮ್ಮತ್ತಿ-ಮಾವ ಅಂದ್ರು. ನನ್ನ ಮಗಳು ಚಿನ್ನು ಮೂರು ವರ್ಷದಾಕಿ. ಆಕಿನ್ನೂ ಒಯ್ತೀವಿ ಅಂದ್ರು.” ಅವನು ಮೂಗು ಒರೆಸಿಕೊಂಡ. “ಒಂದ ಅಳಿಸಿದ್ರ ಗೊತ್ತಾಗ್ತೈತಿ ಅಂತ ಎಲ್ಲಾ ಅಳಿಸಿದೆ. ಡ್ರಾದಾಗಿನ ಡಿಸ್ಕೂ ಬ್ಯಾರೆ ಕಂಪ್ಯೂಟರಿಗೆ ಹಚ್ಚಿ ಖಾಲಿ ಮಾಡಿ ತಂದಿಟ್ಟೆ. ಹಳೇ ಕಂಪ್ಯೂಟರ್, ವೈರಸ್ ಅಂದ್ರ ಎಲ್ಲಾರೂ ನಂಬ್ತಾರಂತ…”

ಹನ್ನೊಂದು ಗಂಟೆಗೆ ದಸ್ತಗಿರಿ ಆಯಿತು. ಸಾಕ್ಷ್ಯ ನಾಶದ ಕಲಮನ್ನು ಎಫ್‌ಐಆರ್‌ಗೆ ಸೇರಿಸಿದರು. ಮಧ್ಯಾಹ್ನ ನರಗುಂದದಲ್ಲಿ ಪಂಚರ ಮುಂದೆ ಜಪ್ತಿಯಾದ ಡಿಸ್ಕಿನಲ್ಲಿ ಅನ್ನಪೂರ್ಣಾಳ ಎಕ್ಸ್‌ರೇ ಇತ್ತು. ಹೊಡೆತಕ್ಕೆ ಕೈ ಅಡ್ಡ ಹಿಡಿದಾಗ ಮುಂಗೈ ಎಲುಬು ಮುರಿಯುವುದು ಹೀಗೇ ಎಂದು ಡಾಕ್ಟರ್ ಬರೆದುಕೊಟ್ಟರು.

ಸಂಜೆ ಚಿಕ್ಕಮ್ಮನ ಜೊತೆ ಅನ್ನಪೂರ್ಣಾ ಬಂದಳು. ನೀಲಾ ಸುತ್ತುಬಳಸದೆ ಎಲ್ಲವನ್ನೂ ಹೇಳಿದಳು. ಹುಡುಗಿ ಅಳಲಿಲ್ಲ. ಕಂಬಿಯ ಹಿಂದೆ ಗೋಡೆಗೆ ಮುಖ ಮಾಡಿ ಕೂತವನ ಬೆನ್ನನ್ನು ಬಾಗಿಲಿನಿಂದಲೇ ನೋಡಿದಳು.

“ನಿಮ್ಮಣ್ಣ ನಿನ್ನ ಮುಂದ ಒಮ್ಮೆರೆ ಹೇಳಿದ್ನೇನವ್ವಾ, ಕೇಸ್ ಬಿಡು ಅಂತ?” ನೀಲಾ ಕೇಳಿದಳು.

“ಇಲ್ರಿ.” ಅವಳು ಕೂಡಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಕೇಳಿದ್ರ ಒಲ್ಲೆ ಅಂತಿದ್ದೆ. ಅದು ಅವಗ ಗೊತ್ತಿತ್ತು. ಅದಕ್ಕ ಕೇಳಲಿಲ್ಲ.”

ಆಮೇಲೆ, ಮೇಜಿನ ಮೇಲಿದ್ದ ತನ್ನ ಹೇಳಿಕೆಯಲ್ಲಿ ಎಲ್ಲಿ ಸಹಿ ಮಾಡಬೇಕೆಂದು ಕೇಳಿದಳು.