ಕೆಳಗಿನ ಸಾಲಿನ ಮನೆಗಳು

"ಈ ಕೆಳಗಿನ ಸಾಲಿನ ನಾಲ್ಕು ಮನೆ ಇಲ್ಲಿ ನಿಲ್ಲಲ್ಲ."

ಎಲ್ಲರೆದುರು ಅಷ್ಟು ಹೇಳಿ, ಹೊಸದಾಗಿ ಬಂದ ಇಂಜಿನಿಯರ್ ಅವಳ ನಕ್ಷೆಯ ಮೇಲೆ ಕೆಂಪು ಗೆರೆ ಎಳೆದುಬಿಟ್ಟ. ಅದೇ ಅವರ ಮೊದಲ ಭೇಟಿ...

ಅವಳ ಮುಖ ಕಪ್ಪಿಟ್ಟಿತು. ಇಳಿಜಾರಿನ ಆ ಜಾಗದಲ್ಲಿ ಇಪ್ಪತ್ತು ಸಂಸಾರಗಳ ಕಟ್ಟಡಕ್ಕೆ ವಿನ್ಯಾಸ ಅವಳದು. ಕೆಳಗಿನ ಮನೆಗಳ ಬಾಗಿಲು ತೆರೆದರೆ ನೇರ ಬೀದಿ, ನಡುವೆ ಒಂದು ಮೆಟ್ಟಿಲೂ ಇಲ್ಲ. ಅದರಲ್ಲೊಂದನ್ನು ಅಮ್ಮನಿಗೆಂದೇ ಗೊತ್ತು ಮಾಡಿಟ್ಟಿದ್ದಳು. ಸೊಂಟ ಮುರಿದ ಮೇಲೆ ಅಮ್ಮ ಈಗಿರುವ ಮನೆಯ ಮೂರನೇ ಮಹಡಿಯಿಂದ ಕೆಳಗಿಳಿದಿರಲಿಲ್ಲ.

"ಯಾಕೆ ಅಂದ್ರೆ..." ಅವನು ತಗ್ಗಿದ ದನಿಯಲ್ಲಿ ಬಾಯಿ ತೆರೆದ.

"ಬೇಡ. ಅರ್ಥ ಆಯ್ತು."

ನಕ್ಷೆ ಸುತ್ತಿಕೊಂಡು ಹೊರಟೇಬಿಟ್ಟಳು. ಕಟ್ಟಡದ ಮಾಲೀಕರಿಗೆ ಮೊದಲಿನಿಂದಲೂ ಅಲ್ಲಿ ಕಾರು ನಿಲ್ಲಿಸುವ ಜಾಗ ಬೇಕಿತ್ತು. ಇವನು ಅವರ ತಾಳಕ್ಕೆ ಕುಣಿಯುವವನು ಎಂದು ತಾನೇ ತೀರ್ಮಾನಿಸಿಬಿಟ್ಟಳು. ಕೋಪ ಬಂದಾಗ ನಮಗೆಲ್ಲ ಕಿವಿ ಎಲ್ಲಿ ಕೇಳಿಸುತ್ತದೆ, ಹೇಳಿ?

ಆಮೇಲೆ ಅವನ ಫೋನ್ ಎತ್ತಲಿಲ್ಲ. ಎದುರು ಸಿಕ್ಕರೆ ಮುಖ ತಿರುಗಿಸಿದಳು. ಆದರೂ ಕೆಲಸದ ನಡುವೆ ಆ ತಗ್ಗಿದ ದನಿ ನೆನಪಾಗುತ್ತಿತ್ತು... ಅದಕ್ಕೇ ಅವಳಿಗೆ ಇನ್ನಷ್ಟು ಉರಿ.

ಒಂದು ಬೆಳಿಗ್ಗೆ ಮಾಲೀಕರೇ ಆಫೀಸಿಗೆ ಬಂದರು. "ಎಂಥ ಹಟಮಾರಿ ಕಣಮ್ಮಾ ನಿಮ್ಮ ಇಂಜಿನಿಯರ್. ಆ ನಾಲ್ಕು ಮನೆ ತೆಗೆಯೋದಾದ್ರೆ ಬೇರೆಯವರನ್ನ ನೋಡ್ಕೊಳ್ಳಿ ಅಂತ ಪಟ್ಟು ಹಿಡಿದು ಕೂತಿದಾನೆ."

ಹಾಗಾದರೆ ಅವತ್ತು ಅವನು ಹೇಳಹೊರಟಿದ್ದೇನು?

ಜಾಗಕ್ಕೆ ಓಡಿದಳು. ಅವನು ಎದೆಮಟ್ಟದ ಗುಂಡಿ ತೋಡಿಸಿ, ಅದರೊಳಗೆ ನಿಂತು ಮಣ್ಣು ಪರೀಕ್ಷಿಸುತ್ತಿದ್ದ.

"ಯಾವತ್ತೋ ತಂದು ಸುರಿದ ಮಣ್ಣು ಇದು," ತಲೆಯೆತ್ತದೆ ಹೇಳಿದ. "ಇದರ ಮೇಲೆ ಮನೆ ಕಟ್ಟಿದ್ರೆ ಜೋರು ಮಳೆಗೆ ಕುಸಿಯುತ್ತೆ. ದಿಣ್ಣೆ ಕಡಿದು ಕಟ್ಟಡಾನೇ ಸ್ವಲ್ಪ ಹಿಂದಕ್ಕೆ ಸರಿಸಿದ್ರೆ ಗಟ್ಟಿ ನೆಲ ಸಿಗುತ್ತೆ. ನಾಲ್ಕೂ ಮನೆ ಉಳಿಯುತ್ತೆ, ಮುಂದೆ ಅಂಗಳಾನೂ ಸಿಗುತ್ತೆ. ಅವತ್ತು ಇದನ್ನೇ ಹೇಳೋಕೆ ಹೊರಟಿದ್ದೆ."

ತನ್ನ ನಕ್ಷೆಯಂತೆಯೇ ಕಟ್ಟಿದ್ದರೆ, ಅಮ್ಮ ಮಲಗುವ ಕೋಣೆ ಇದೇ ಮಣ್ಣಿನ ಮೇಲೆ...

"ತಪ್ಪು ನಂದು. ನಾನು ಕೇಳಿಸಿಕೊಳ್ಳಲೇ ಇಲ್ಲ. ಅಲ್ಲೊಂದು ಮನೆ ನಮ್ಮಮ್ಮಂಗೆ ಅಂತ..."

"ಅಂದ್ಕೊಂಡೆ. ಆ ಒಂದು ಮನೆಗೆ ಮಾತ್ರ ಬಾಗಿಲೆಲ್ಲ ಅಗಲ, ಬಚ್ಚಲ ಗೋಡೆಗೆ ಹಿಡಿಕೆ. ಇಷ್ಟು ಅಕ್ಕರೆಯಿಂದ ಯಾರಿಗೆ ಬರೆದಿದಾರೆ ಅಂತ ನೋಡ್ತಾ ನೋಡ್ತಾ..." ಅವನು ತಡವರಿಸಿದ. "ನಿಮ್ಮನ್ನ ಇಷ್ಟಪಟ್ಟುಬಿಟ್ಟೆ. ಅದರ ಪಕ್ಕದ ಮನೆ ನನಗೆ ಬೇಕು ಅಂತ ಮಾಲೀಕರಿಗೆ ಹೇಳಿದೀನಿ."

ಅವಳು ಕಣ್ಣೊರೆಸಿಕೊಂಡು, ಅವನನ್ನು ಮೇಲೆತ್ತಲು ಕೈ ಚಾಚಿದಳು.

"ಪಕ್ಕದ್ದು ಯಾಕೆ? ಅಮ್ಮನ ಮನೇಲೇ ಇನ್ನೊಂದು ಕೋಣೆ ಇದೆಯಲ್ಲ."